ಇಂದು ಅವನು ಓಡಿದನೇ?

ಸರಸ್ವತೀಪುರಂ, ಮೈಸೂರು
21 ಮೇ 2025

ಚಂದ್ರಹಾಸ ಅವರಿಗೆ ರತ್ನಾ ಮಾಡುವ ನಮಸ್ಕಾರ.

ನೀವು ನನ್ನನ್ನು ಬಲ್ಲವರಲ್ಲ. ನಾನು ಮಿಸಿಸಾಗ ಬಿಟ್ಟು ಸ್ವದೇಶಕ್ಕೆ ಬಂದು ಮೂರು ವರ್ಷವಾದರೂ ಅಲ್ಲಿನ ಕನ್ನಡ ಬಳಗದ ಪತ್ರಿಕೆ ಇನ್ನೂ ನನ್ನ ಇಮೇಲಿಗೆ ಬರುತ್ತದೆ. ಸಾಮಾನ್ಯವಾಗಿ ಯುಗಾದಿ ಊಟದ ಫೋಟೋಗಳನ್ನು ನೋಡಿ ಮುಚ್ಚಿಬಿಡುತ್ತೇನೆ. ಈ ಸಲ ನಿಮ್ಮ ‘ಬೆವರದ ಬ್ಯಾಟುಗಾರ’ ಲೇಖನವನ್ನು ಎರಡು ಬಾರಿ ಓದಿದೆ.

ವುಡ್‌ಬ್ರಿಡ್ಜಿನ ಮಿಲ್ಲರ್ಸ್ ತಂಡದಲ್ಲಿ ನಮ್ಮವನೊಬ್ಬ ಬೇಸ್‌ಬಾಲ್ ಆಡುತ್ತಾನೆ, ಹೊಡೆದರೆ ಚೆಂಡು ಬೇಲಿಯಾಚೆ ಬೀಳುತ್ತದೆ, ಆದರೆ ಚೆಂಡು ನೆಲದಲ್ಲಿ ಉರುಳಿದರೆ ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ, ಆ ‘ಬೇಸ್’ಗೆ, ಪ್ರದಕ್ಷಿಣೆ ಹಾಕುವವನಂತೆ ನಡೆದುಹೋಗುತ್ತಾನೆ ಎಂದು ಬರೆದಿದ್ದೀರಿ. ಔಟಾಗುವುದು ಖಂಡಿತ ಅನ್ನಿಸಿದರೂ ಆ ತೊಂಬತ್ತು ಅಡಿಯನ್ನು ಜೀವ ಬಿಟ್ಟು ಓಡುವವನೇ ಆಟಗಾರ, ಉಳಿದವರೆಲ್ಲ ಮೈಗಳ್ಳರು ಎಂದೂ ಬರೆದಿದ್ದೀರಿ. ಹೆಸರು ಹಾಕಿಲ್ಲ. ಹಾಕದಿದ್ದರೂ ನನಗೆ ಗೊತ್ತಾಯಿತು. ಅವನು ತೇಜಸ್ವಿ. ನನ್ನ ಮಗ.

ಜಗಳಕ್ಕೆಂದು ಬರೆಯುತ್ತಿಲ್ಲ. ನನ್ನದೊಂದು ಕೋರಿಕೆ. ತೇಜಸ್ವಿ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಫೋನಿಗೆ ಹೆಬ್ಬೆರಳಿನ ಒಂದು ಚಿತ್ರ ಬರುತ್ತದೆ, ಅಷ್ಟೇ. ನೀವು ಹೇಗೂ ಪ್ರತಿ ಆಟಕ್ಕೂ ಹೋಗುತ್ತೀರಿ. ಹೋದ ದಿನ ನನಗೆ ನಾಲ್ಕು ಸಾಲು ಬರೆಯುತ್ತೀರಾ? ಅವನು ಹೇಗಿದ್ದ, ಓಡಿದನೇ, ಓಡಲಿಲ್ಲವೇ. ಅಷ್ಟಾದರೆ ಸಾಕು. ನಾನು ಕೇಳಿದ್ದು ಅವನಿಗೆ ತಿಳಿಯಬಾರದು.

ರತ್ನಾ


ವುಡ್‌ಬ್ರಿಡ್ಜ್
26 ಮೇ 2025

ರತ್ನಾ ಮೇಡಂ,

ನಿಮ್ಮ ಪತ್ರ ಓದಿ ಕಿವಿ ಬಿಸಿಯಾಯಿತು. ಆಟಗಾರನಿಗೂ ಒಬ್ಬ ತಾಯಿ ಇರುತ್ತಾಳೆ, ಅವಳೂ ಪತ್ರಿಕೆ ಓದುತ್ತಾಳೆ ಎಂಬುದು ಬರೆಯುವಾಗ ತಲೆಗೆ ಹೋಗಲಿಲ್ಲ. ನನ್ನ ಹೆಂಡತಿ ಅಮಿತಾ ಆಗಲೇ ಹೇಳಿದ್ದಳು, “ನಿಮಗೆ ಎಂತಕ್ಕೆ ಬೇಕು ಊರಿನ ಮಕ್ಕಳ ಉಸಾಬರಿ?” ಎಂದು. ಆದರೂ ನಾನು ಬರೆದದ್ದು ಸುಳ್ಳಲ್ಲ ಮೇಡಂ.

ನನ್ನ ವಿಷಯ ಹೇಳಿಬಿಡುತ್ತೇನೆ. ಊರು ಮೂಲ್ಕಿ. ಇಲ್ಲಿನ ವಾನ್ ಊರಿನ ಪ್ಲಾಸ್ಟಿಕ್ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತೇಳು ವರ್ಷ ದುಡಿದು ಹೋದ ವರ್ಷ ನಿವೃತ್ತನಾದೆ. ಕಾಯಿಲೆ ಎಂದು ಒಂದು ದಿನ ಮಲಗಿದವನಲ್ಲ, ಜ್ವರದಲ್ಲೂ ಶಿಫ್ಟಿಗೆ ಹೋದವನು. ಕೊನೆಯ ದಿನ ಲಂಚ್ ರೂಮಿನಲ್ಲಿ ಕೇಕ್ ಕತ್ತರಿಸಿದರು, ಕೇಕಿನ ಮೇಲೆ ನನ್ನ ಹೆಸರು ತಪ್ಪಾಗಿ ಬರೆದಿತ್ತು. ಅಂದಿನಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರು ಮೈ ಬಗ್ಗಿಸುತ್ತಾರೆ, ಯಾರು ಬಗ್ಗಿಸುವುದಿಲ್ಲ ಎಂದು ನೋಡುವುದು. ಟೀವಿಯಲ್ಲಿ ದೊಡ್ಡವರ ಆಟ ನೋಡಿದರೂ ಅದೇ ಕಣ್ಣು. ಆದರೆ ಟೀವಿಗೆ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ನಮ್ಮ ಈ ಸಣ್ಣ ಮೈದಾನದಲ್ಲಿ ಕೇಳಿಸುತ್ತದೆ.

ಇನ್ನು ನಿನ್ನೆಯ ವರದಿ. ತೇಜಸ್ವಿಯದು ಬರೀ ಬ್ಯಾಟ್ ಮಾಡಿ ಬೆಂಚಿಗೆ ಹೋಗಿ ಕೂರುವ ಕೆಲಸ, ಫೀಲ್ಡಿಂಗ್ ಇಲ್ಲ. ನಿನ್ನೆ ನಾಲ್ಕು ಸಲ ಬ್ಯಾಟು ಹಿಡಿದ. ಒಂದು ಹೊಡೆತ ಬೇಲಿಯಾಚೆ ಹೋಯಿತು. ಹಾಗೆ ಹೋದರೆ ಓಡಬೇಕಿಲ್ಲ, ಬೇಸುಗಳನ್ನು ಆರಾಮಾಗಿ ಸುತ್ತಿ ಬಂದ. ಇನ್ನೊಂದು ಸಲ ಚೆಂಡು ಬ್ಯಾಟಿಗೆ ತಗಲಲೇ ಇಲ್ಲ, ಔಟ್. ಉಳಿದೆರಡು ಸಲ ಚೆಂಡು ನೆಲದಲ್ಲಿ ಉರುಳಿತು, ಎರಡು ಸಲವೂ ಅವನು ಓಡಲಿಲ್ಲ. ಕೊನೆಯದರಲ್ಲಂತೂ ಎದುರಾಳಿ ಚೆಂಡನ್ನು ಕೈಜಾರಿ ಬಿಟ್ಟಿದ್ದ, ಓಡಿದ್ದರೆ ಸಲೀಸಾಗಿ ತಲುಪುತ್ತಿದ್ದ. ತಾಯಿಗೆ ಹೀಗೆ ಬರೆಯಲು ಬೇಸರ. ನೋಡಲಿಕ್ಕೆ ಗಟ್ಟಿಮುಟ್ಟಾಗಿದ್ದಾನೆ. ಅದಕ್ಕೇ ಹೊಟ್ಟೆ ಉರಿಯುವುದು.

ಚಂದ್ರಹಾಸ


ಮೈಸೂರು
30 ಮೇ 2025

ಚಂದ್ರಹಾಸ ಅವರೇ,

ನಿಮ್ಮ ವರದಿ ಓದಿ ಮನಸ್ಸು ಹಗುರಾಯಿತು. ಎರಡು ಸಲವೂ ಓಡಲಿಲ್ಲ ಎಂದು ಅಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ತುಂಬಾ ಉಪಕಾರವಾಯಿತು. ಹೀಗೇ ಬರೆಯುತ್ತಿರಿ.

ಇನ್ನೂ ಒಂದೆರಡು ಕೇಳಲೇ? ಬೇಸು ಸುತ್ತಿ ಬಂದ ಮೇಲೆ ಅವನು ಬಗ್ಗಿ ಮಂಡಿಯ ಮೇಲೆ ಕೈಯೂರಿ ನಿಲ್ಲುತ್ತಾನೆಯೇ? ಬಿಸಿಲಲ್ಲಿ ನೀರು ಕುಡಿಯುತ್ತಾನೆಯೇ? ಪಕ್ಕದಲ್ಲಿ ಯಾರು ಕೂರುತ್ತಾರೆ?

ಚಿಕ್ಕವನಿದ್ದಾಗ ಅವನು ನಡೆದದ್ದೇ ಇಲ್ಲ. ಅಂಚೆ ಡಬ್ಬಿಯಿಂದ ಕಾಗದ ತರಲೂ ಓಟವೇ. ಅವನ ಅಪ್ಪ ಸತೀಶ ಮಡಚುವ ಕುರ್ಚಿ ಹಿಡಿದುಕೊಂಡು ಹಿಂದೆ ಹಿಂದೆ ಮೈದಾನಕ್ಕೆ ಹೋಗುತ್ತಿದ್ದರು. ಅವರು ಈಗಿಲ್ಲ. ನಾಲ್ಕು ವರ್ಷದ ಹಿಂದೆ ಫೆಬ್ರವರಿಯಲ್ಲಿ ತೀರಿಕೊಂಡರು.

ರತ್ನಾ


ವುಡ್‌ಬ್ರಿಡ್ಜ್
16 ಜೂನ್ 2025

ರತ್ನಾ ಮೇಡಂ,

ಎರಡು ವಾರ ಬರೆಯಲಿಲ್ಲ. ನಿಜ ಹೇಳಬೇಕೆಂದರೆ ನಿಮ್ಮ ಪತ್ರ ಚುಚ್ಚಿತು. ಮಗ ಓಡಲಿಲ್ಲವೆಂದು ಓದಿ ಮನಸ್ಸು ಹಗುರಾಗುವ ತಾಯಿ ಎಲ್ಲಿದ್ದಾಳೆ? ನನ್ನ ಲೇಖನಕ್ಕೆ ನೀವು ನಯವಾಗಿ ಕೊಟ್ಟ ಏಟು ಎಂದುಕೊಂಡೆ. ಇರಲಿ, ನನಗೆ ಬರಬೇಕಾದದ್ದೇ.

ಮಂಡಿಯ ಮೇಲೆ ಕೈಯೂರುವುದಿಲ್ಲ. ಅಷ್ಟು ದಣಿದರೆ ತಾನೆ? ನೀರು ಕುಡಿಯುತ್ತಾನೆ. ಬೆಂಚಿನ ತುದಿಯಲ್ಲಿ ಒಬ್ಬನೇ ಕೂರುತ್ತಾನೆ.

ನಿನ್ನೆ ಫಾದರ್ಸ್ ಡೇ, ಜನ ಜಾಸ್ತಿ ಇದ್ದರು. ಅವನು ಬ್ಯಾಟ್ ಹಿಡಿದು ಬಂದಾಗಲೆಲ್ಲ “ವಾಕ್, ಟೀಜೇ, ವಾಕ್!” ಎಂದು ಕೂಗುವುದು ಈಗ ಒಂದು ಮೋಜಾಗಿಬಿಟ್ಟಿದೆ. ಇಲ್ಲಿಯವರ ಬಾಯಲ್ಲಿ ಅವನು ಟೀಜೇ. ಯಾರು ಶುರು ಮಾಡಿದರೋ ಏನೋ. ಆಟ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕಿದ. ನಾನೇ ಹೋಗಿ ಮಾತಾಡಿಸಿದೆ.

“ಕನ್ನಡ ಬರ್ತದಾ ಮಾರಾಯ?”

“ಬರತ್ತೆ ಅಂಕಲ್. ಐ ಹಿಯರ್ ಯೂ ಎವ್ರಿ ಗೇಮ್. ‘ಓಡು ಮಾರಾಯಾ’ ಅಂತ ಕೂಗೋದು ನೀವೇ ಅಲ್ವಾ?”

ನಕ್ಕುಕೊಂಡೇ ಹೇಳಿದ. ಕೋಪವಿರಲಿಲ್ಲ. ತಂದೆಯ ಸ್ಥಾನದಲ್ಲಿ ನಿಂತು ಎರಡು ಮಾತು ಹೇಳಿದೆ. ಕೇಳಿಸಿಕೊಂಡ. ನಿಮ್ಮ ವಿಷಯ ಎತ್ತಲಿಲ್ಲ, ಗಾಬರಿಯಾಗಬೇಡಿ. ಒಳ್ಳೆಯ ಹುಡುಗ ಮೇಡಂ. ಯಾರಾದರೂ ಒಂದು ಸಲ ಗಟ್ಟಿಯಾಗಿ ಅಲುಗಾಡಿಸಬೇಕು, ಅಷ್ಟೇ.

ಚಂದ್ರಹಾಸ


ಮೈಸೂರು
18 ಜೂನ್ 2025

ಚಂದ್ರಹಾಸ ಅವರೇ,

ದಯವಿಟ್ಟು ಅವನ ಹತ್ತಿರ ಮಾತಾಡಬೇಡಿ. ಓಡು ಎಂದು ಹೇಳಬೇಡಿ, ಕೂಗಲೂಬೇಡಿ. ನಾನು ಕೇಳಿದ್ದು ನೋಡಿ ಬರೆಯಿರಿ ಎಂದು ಮಾತ್ರ.

ಅವನ ಬಲ ಮೊಣಕಾಲಿಗೆ ಹಳೆಯ ಪೆಟ್ಟಿದೆ. ಅದಕ್ಕೇ ಓಡುವುದಿಲ್ಲ. ತಂಡದವರಿಗೆ ತಿಳಿದರೆ ಬಿಟ್ಟುಬಿಡುತ್ತಾರೆಂದು ಯಾರಿಗೂ ಹೇಳಿಲ್ಲ. ನೀವೂ ನಿಮ್ಮಲ್ಲೇ ಇಟ್ಟುಕೊಳ್ಳಿ.

ರತ್ನಾ


ವುಡ್‌ಬ್ರಿಡ್ಜ್
14 ಜುಲೈ 2025

ರತ್ನಾ ಮೇಡಂ,

ನಾಲ್ಕು ಆಟ ನಾನು ಬೇರೇನೂ ನೋಡಲಿಲ್ಲ, ಅವನ ಬಲ ಮೊಣಕಾಲನ್ನೇ ನೋಡಿದೆ. ಬೈನಾಕ್ಯುಲರ್ ತಂದು ನೋಡಿದೆ. ಅಮಿತಾ ತಲೆ ಚಚ್ಚಿಕೊಂಡಳು.

ಹೋದ ಭಾನುವಾರ ಅವನು ಕುಕ್ಕರುಗಾಲಲ್ಲಿ ಹತ್ತು ನಿಮಿಷ ಕೂತು ಬ್ಯಾಟಿನ ಹಿಡಿಗೆ ಟೇಪು ಸುತ್ತಿದ. ಆಮೇಲೆ ನೆಲಕ್ಕೆ ಕೈಯೂರದೆ ಎದ್ದ. ಪೆಟ್ಟು ಬಿದ್ದ ಮೊಣಕಾಲು ಹಾಗೆ ಏಳುವುದಿಲ್ಲ. ಫ್ಯಾಕ್ಟರಿಯಲ್ಲಿ ಸುಳ್ಳು ನೋವು ಹೇಳಿ ಕೂತವರನ್ನು ಇಪ್ಪತ್ತೇಳು ವರ್ಷ ನೋಡಿದ್ದೇನೆ. ನನ್ನ ಕಣ್ಣಿಗೆ ಮಣ್ಣೆರಚುವುದು ಕಷ್ಟ.

ನಿಮ್ಮನ್ನು ದೂರುವುದಿಲ್ಲ. ತಾಯಿ ಮಗನ ಮೈಗಳ್ಳತನಕ್ಕೆ ಒಂದು ಹೆಸರು ಹುಡುಕುತ್ತಾಳೆ, ಸಹಜ. ಆದರೆ ದೂರ ಕೂತು ನೀವು ಅವನನ್ನು ಹಾಳು ಮಾಡುತ್ತಿದ್ದೀರಿ ಎಂದು ನನಗನ್ನಿಸುತ್ತದೆ. ದೊಡ್ಡ ಮಾತಾಯಿತು, ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆಯೂ ಓಡಲಿಲ್ಲ.

ಚಂದ್ರಹಾಸ


ಮೈಸೂರು
28 ಜುಲೈ 2025

ಚಂದ್ರಹಾಸ ಅವರೇ,

ನಿಮ್ಮ ಹದಿನಾಲ್ಕನೇ ತಾರೀಖಿನ ಪತ್ರಕ್ಕೆ ಉತ್ತರಿಸುವ ಮನಸ್ಸಿರಲಿಲ್ಲ. ಈಗ ಬೇರೆ ಕಾರಣಕ್ಕೆ ಬರೆಯುತ್ತಿದ್ದೇನೆ. ಎರಡು ಸೋಮವಾರ ಆಯಿತು, ತೇಜಸ್ವಿಯಿಂದ ಹೆಬ್ಬೆರಳು ಬಂದಿಲ್ಲ. ಮೂರು ವರ್ಷದಲ್ಲಿ ಹೀಗೆ ಒಮ್ಮೆಯೂ ಆಗಿರಲಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ.

ಅಲ್ಲಿ ಏನಾದರೂ ನಡೆಯಿತೇ? ಅವನು ಆಟಕ್ಕೆ ಬರುತ್ತಿದ್ದಾನೆಯೇ? ಒಂದೇ ಸಾಲಾದರೂ ಬರೆಯಿರಿ.

ರತ್ನಾ


ವುಡ್‌ಬ್ರಿಡ್ಜ್
2 ಆಗಸ್ಟ್ 2025, ಶನಿವಾರ ಸಂಜೆ

ರತ್ನಾ ಮೇಡಂ,

ಬಟ್ಟೆ ಬದಲಿಸದೆ, ಚಹಾ ಕುಡಿಯದೆ ಬರೆಯುತ್ತಿದ್ದೇನೆ. ಇಂದು ನಿಮ್ಮ ಮಗ ಓಡಿದ!

ಕೊನೆಯ ಸರದಿ, ಎರಡೂ ತಂಡ ಸಮ. ಮೂರನೇ ಬೇಸಿನಲ್ಲಿ ನಮ್ಮ ತಂಡದವನೊಬ್ಬ ಕಾಯುತ್ತಿದ್ದ, ಇಬ್ಬರು ಆಗಲೇ ಔಟಾಗಿದ್ದರು. ತೇಜಸ್ವಿ ಹೊಡೆದ ಚೆಂಡು ನೆಲದಲ್ಲಿ ಉರುಳಿ ನೇರ ಎದುರಾಳಿಯ ಕೈಗೇ ಹೋಯಿತು. ಜನ ಎಂದಿನಂತೆ “ವಾಕ್” ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅವನು ಬ್ಯಾಟು ಬಿಸಾಕಿ ಹೊರಟ. ಅಬ್ಬ, ಆ ಓಟ! ಆ ದೊಡ್ಡ ಮೈ ಅಷ್ಟು ಹಗುರಾಗಬಹುದೆಂದು ಯಾರೂ ಎಣಿಸಿರಲಿಲ್ಲ. ಚೆಂಡಿಗಿಂತ ಅರ್ಧ ಹೆಜ್ಜೆ ಮೊದಲು ಬೇಸು ಮೆಟ್ಟಿದ. ಅಷ್ಟರಲ್ಲಿ ಮೂರನೇ ಬೇಸಿನವನು ಒಳಗೆ ಬಂದು ಗೆಲುವಿನ ರನ್ ಸಿಕ್ಕಿತು, ಗೆದ್ದೆವು. ನಾನು ನಿಂತಲ್ಲೇ ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ನೀವು ಕೇಳುತ್ತಿದ್ದಿರಲ್ಲ, ಇಂದು ಅವನು ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತ. ತುಂಬಾ ಹೊತ್ತು ನಿಂತ. ಆಮೇಲೆ ತಲೆಯೆತ್ತಿ ಜನರ ನಡುವೆ ನನ್ನನ್ನೇ ಹುಡುಕಿ ಬೆರಳು ತೋರಿಸಿದ. ನನಗೇ ಮೇಡಂ!

ನಾಳೆ ಒಂದು ಗಂಟೆಗೆ ಇನ್ನೊಂದು ಆಟ. ಬಳಗದವರನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದೇನೆ. ಬೆವರದ ಬ್ಯಾಟುಗಾರ ಎಂದು ಬರೆದವನೇ ಇನ್ನೊಂದು ಲೇಖನ ಬರೆಯುತ್ತಾನೆ, ನೋಡಿ.

ಚಂದ್ರಹಾಸ


ಮೈಸೂರು
3 ಆಗಸ್ಟ್ 2025, ಬೆಳಿಗ್ಗೆ 5.20

ಚಂದ್ರಹಾಸ ಅವರೇ, ಇದನ್ನು ಓದಿದ ತಕ್ಷಣ ಅವನ ಹತ್ತಿರ ಹೋಗಿ.

ಮೊಣಕಾಲಿನ ಮಾತು ಸುಳ್ಳು. ಅವನ ಹೃದಯದ ಗೋಡೆ ದಪ್ಪಗಿದೆ. ಅವರಪ್ಪನಿಂದ ಬಂದದ್ದು. ಸತೀಶ ಮನೆಯ ಮುಂದೆ ಹಿಮ ಎತ್ತುತ್ತಾ ನಿಂತವರು ಹಾಗೇ ಬಿದ್ದು ಹೋದರು, ಆಮೇಲೆ ಮಗನನ್ನೂ ಪರೀಕ್ಷೆ ಮಾಡಿಸಿದೆವು. ಜೋರಾಗಿ ಓಡುವ ಯಾವ ಆಟವೂ ಬೇಡ ಎಂದರು ಡಾಕ್ಟರು. ಅವನು ಕೇಳಲಿಲ್ಲ. “ಅಮ್ಮ, ಇದೊಂದೇ ನನ್ನದು ಅಂತ ಇರೋದು” ಅಂದ. ನೀನು ಸಾಯುವುದನ್ನು ನಾನು ಕೂತು ನೋಡಲಾರೆ ಎಂದು ಹೇಳಿ ಊರಿಗೆ ಬಂದುಬಿಟ್ಟೆ. ನಾನು ಹೊರಟರೆ ಹೆದರಿ ಆಟ ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ಆಡುತ್ತೇನೆ, ಆದರೆ ಓಡುವುದಿಲ್ಲ ಎಂದು ಭಾಷೆ ಕೊಟ್ಟ. ಯಾರಿಗೂ ಹೇಳಬಾರದೆಂದು ನನ್ನಿಂದಲೂ ಭಾಷೆ ತೆಗೆದುಕೊಂಡ. ಆ ಹೆಬ್ಬೆರಳು ಅದೇ. ಈ ವಾರವೂ ಓಡಲಿಲ್ಲ ಅಮ್ಮ ಎಂದು.

ಅವನು ಫೋನ್ ಎತ್ತುತ್ತಿಲ್ಲ. ಕೋಚ್ ನಂಬರು ನನ್ನ ಹತ್ತಿರ ಇಲ್ಲ, ನಿಮ್ಮದೂ ಇಲ್ಲ. ನನ್ನ ನಂಬರು ಕೆಳಗಿದೆ. ಭಾನುವಾರದ ಆಟ ಆಡಲು ಬಿಡಬೇಡಿ. ಕೋಚಿಗೆ ಹೇಳಿ, ಎಲ್ಲರಿಗೂ ಹೇಳಿ. ಭಾಷೆ ಹೋದರೆ ಹೋಗಲಿ.

ರತ್ನಾ


ವುಡ್‌ಬ್ರಿಡ್ಜ್
8 ಆಗಸ್ಟ್ 2025

ರತ್ನಾ ಅವರೇ,

ನೀವು ಇಲ್ಲಿಗೆ ಬಂದಿಳಿದಿದ್ದೀರಿ, ಆಸ್ಪತ್ರೆಯಲ್ಲಿದ್ದೀರಿ ಎಂದು ಬಳಗದವರು ಹೇಳಿದರು. ಎದುರು ಬರುವ ಮುಖ ನನಗಿಲ್ಲ. ನಡೆದದ್ದನ್ನು ನನ್ನ ಕೈಯಿಂದಲೇ ಬರೆಯಬೇಕು.

ನಿಮ್ಮ ಪತ್ರವನ್ನು ನಾನು ಭಾನುವಾರ ಸಂಜೆ ಐದಕ್ಕೆ ಓದಿದೆ. ನನಗೆ ಫೋನಿನಲ್ಲಿ ಇಮೇಲ್ ಇಲ್ಲ, ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಬೆಳಿಗ್ಗೆ ಎದ್ದವನೇ ಜನರನ್ನು ಕರೆತರಲು ಕಾರು ಹತ್ತಿದ್ದೆ. ಕಂಪ್ಯೂಟರ್ ಇದ್ದ ಕೋಣೆಯ ಮುಂದಿನಿಂದಲೇ ಹಾದುಹೋದೆ.

ಮೂರನೇ ಸರದಿಯಲ್ಲಿ ಚೆಂಡು ಎರಡು ಫೀಲ್ಡರುಗಳ ನಡುವೆ ಹೋಯಿತು. ಅವನು ಮೊದಲ ಬೇಸು ದಾಟಿ ಎರಡನೆಯದಕ್ಕೆ ತಿರುಗಿದ. ನಾವು ಹನ್ನೆರಡು ಮಂದಿ ನಿಂತು “ಓಡು, ಓಡು” ಎನ್ನುತ್ತಿದ್ದೆವು. ಎಡವಿದ ಹಾಗೆ ಮುಂದಕ್ಕೆ ಬಿದ್ದ. ಬೇಸು ಮುಟ್ಟಲು ಬೇಕೆಂದೇ ಜಾರಿದ ಎಂದು ಜನ ಕೂಗಾಡಿದರು. ಏಳಲಿಲ್ಲ. ಎದುರಾಳಿ ತಂಡದ ಕಡೆಯಿಂದ ಒಬ್ಬಳು ನರ್ಸ್ ಓಡಿಬಂದು ಎದೆ ಒತ್ತಿದಳು. ಆಂಬುಲೆನ್ಸಿನವರು ಬಂದು ಶಾಕ್ ಕೊಟ್ಟ ಮೇಲೆ ಹೃದಯ ಮತ್ತೆ ಬಡಿಯತೊಡಗಿತು ಎಂದರು. ಅಷ್ಟು ಹೊತ್ತೂ ನಾನು ಬೇಲಿ ಹಿಡಿದು ನಿಂತಿದ್ದೆ.

ನಿಮ್ಮಿಂದ ಮುಚ್ಚಿಟ್ಟದ್ದು ಮೂರು. “ವಾಕ್” ಎಂಬ ಆ ಕೂಗು ಶುರು ಮಾಡಿದ್ದು ನಾನೇ. ಫಾದರ್ಸ್ ಡೇ ದಿನ ನಾನು ಹೇಳಿದ ಎರಡು ಮಾತು ಯಾವುದೆಂದರೆ, “ನಿನ್ನ ಅಪ್ಪ ಇದ್ದಿದ್ದರೆ ತಲೆ ತಗ್ಗಿಸ್ತಿದ್ರು.” ಅವನ ಅಪ್ಪ ಹೇಗೆ ಹೋದರೆಂದು ನನಗೇನು ಗೊತ್ತಿತ್ತು? ಗೊತ್ತಿಲ್ಲದೆಯೇ ಹೇಳಿದೆ. ಮೂರನೆಯದು ಜುಲೈ ಹದಿಮೂರರದ್ದು. ಮೊಣಕಾಲಿನ ನೆಪ ಬೇಡ ಎಂದು ಅವನಿಗೆ ಅಂದುಬಿಟ್ಟೆ.

“ಮೊಣಕಾಲಾ? ಹೂ ಟೋಲ್ಡ್ ಯೂ?”

“ನಿನ್ನ ಅಮ್ಮ.”

ಅವನು ಹೆಗಲ ಚೀಲ ಕೆಳಗಿಟ್ಟ. ಆಮೇಲೆ ಕೇಳಿದ, “ಅಮ್ಮ ನಿಮಗೆ ಬರೀತಾರಾ? ನನ್ ಬಗ್ಗೆನಾ?” ಹೌದೆಂದೆ. “ಶೀ ಹ್ಯಾಸ್ ಎ ಸ್ಪೈ” ಎಂದು ನಕ್ಕ. ಅದು ನಗು ಅಲ್ಲ ಎಂದು ನನಗೆ ಆಗ ತಿಳಿಯಲಿಲ್ಲ. ಹುಡುಗನಿಗೆ ಛಲ ಬಂತು ಎಂದುಕೊಂಡು ಸಂತೋಷದಿಂದ ಮನೆಗೆ ಹೋದೆ.

ನಿಮ್ಮ ಕೊನೆಯ ಪತ್ರವನ್ನು ಅಮಿತಾ ಓದಿದಳು. ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ಕ್ಷಮಿಸಿ ಎಂದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಚಂದ್ರಹಾಸ


ವುಡ್‌ಬ್ರಿಡ್ಜ್
21 ಸೆಪ್ಟೆಂಬರ್ 2025

ರತ್ನಾ ಅವರೇ,

ನೀವು ಇಲ್ಲಿಗೆ ಬಂದ ಮೇಲೆ ನಾನು ಬರೆಯುತ್ತಿರುವ ನಾಲ್ಕನೆಯ ಪತ್ರ ಇದು. ನೀವು ಉತ್ತರ ಬರೆಯಬೇಕೆಂದಿಲ್ಲ. ತೇಜಸ್ವಿಗೆ ಎಚ್ಚರ ಬಂದಿದೆ ಎಂದು ಕೇಳಿದೆ, ಹೇಗಿದ್ದಾನೆಂದು ಯಾರೂ ಸರಿಯಾಗಿ ಹೇಳುವುದಿಲ್ಲ. ಎರಡು ಸಲ ಆಸ್ಪತ್ರೆಯ ಪಾರ್ಕಿಂಗ್ ತನಕ ಬಂದು ವಾಪಸ್ ಹೋದೆ.

ಮೈದಾನದ ಕಡೆ ಹೋಗಿಲ್ಲ. ಟೀವಿಯಲ್ಲಿ ಆಟ ಬಂದರೆ ಎದ್ದು ಹೊರಗೆ ಹೋಗುತ್ತೇನೆ. ನಿನ್ನೆ ಅಂಗಡಿಯಲ್ಲಿ ಬಿಲ್ಲಿಂಗ್ ಹುಡುಗಿ ನಿಧಾನ ಮಾಡಿದಳು. ನನ್ನ ಹಿಂದಿದ್ದವನು ಗೊಣಗಿದ. ಅವಳ ಕೈ ನೋಡಿದೆ, ಮುಖ ನೋಡಿದೆ. ಯಾಕೆ ನಿಧಾನವೋ ನನಗೆ ತಿಳಿಯಲಿಲ್ಲ. ತಿಳಿಯುವುದಿಲ್ಲ ಎಂಬುದಷ್ಟೇ ತಿಳಿಯಿತು.

ಚಂದ್ರಹಾಸ


ಮಿಸಿಸಾಗ
9 ನವೆಂಬರ್ 2025

ಚಂದ್ರಹಾಸ ಅವರೇ,

ನಿಮ್ಮ ಪತ್ರಗಳೆಲ್ಲ ತಲುಪಿವೆ. ಬರೆಯಲು ಸಮಯವಿರಲಿಲ್ಲ, ಇಷ್ಟವೂ ಇರಲಿಲ್ಲ.

ತೇಜಸ್ವಿ ಕಣ್ಣು ತೆರೆದದ್ದು ಹನ್ನೊಂದನೇ ದಿನ. ಎದೆಯೊಳಗೆ ಒಂದು ಯಂತ್ರ ಇಟ್ಟಿದ್ದಾರೆ, ಹೃದಯ ತಪ್ಪಿದರೆ ಅದು ಎಬ್ಬಿಸುತ್ತದಂತೆ. ಆದರೆ ಮಿದುಳಿಗೆ ಕೆಲವು ನಿಮಿಷ ಉಸಿರು ಸಿಗಲಿಲ್ಲ. ಈಗ ಪುನಶ್ಚೇತನದ ವಾರ್ಡಿನಲ್ಲಿದ್ದೇವೆ. ಚಮಚ ಬೇಕಾದರೆ ಕಿಟಕಿ ಎನ್ನುತ್ತಾನೆ, ತಪ್ಪಾಯಿತೆಂದು ಗೊತ್ತಾಗಿ ಮುಖ ತಿರುಗಿಸುತ್ತಾನೆ. ನಿಲ್ಲಲು ಇಬ್ಬರು ಹಿಡಿಯಬೇಕು. ಈ ಬೇಸಿಗೆಯ ತಿಂಗಳುಗಳು ಅವನಿಗೆ ನೆನಪಿಲ್ಲ. ನಿಮ್ಮ ಹೆಸರು ಹೇಳಿ ನೋಡಿದೆ. “ಯಾರು?” ಅಂದ.

ಹಾಗಾಗಿ ನಿಮ್ಮನ್ನು ಕ್ಷಮಿಸಲು ಅವನಿಗೆ ನೀವು ನೆನಪಿಲ್ಲ. ನನಗೆ ನೆನಪಿದ್ದೀರಿ, ನನ್ನಿಂದ ಆಗುತ್ತಿಲ್ಲ. ಮೊಣಕಾಲಿನ ಸುಳ್ಳು ನನ್ನದು ಎಂಬುದನ್ನೂ ಮರೆತಿಲ್ಲ. ಮೇ ತಿಂಗಳಲ್ಲೇ ನಿಜ ಹೇಳಿದ್ದರೆ ನೀವೇ ಅವನ ಮುಂದೆ ಅಡ್ಡ ನಿಲ್ಲುತ್ತಿದ್ದಿರಿ. ನೀವು ಅಂಥವರು ಎಂದು ಪತ್ರಗಳಿಂದಲೇ ಗೊತ್ತಾಗುತ್ತದೆ.

ಇಲ್ಲಿ ಸಂಜನಾ ಎಂಬ ಫಿಸಿಯೋ ಹುಡುಗಿ ಇದ್ದಾಳೆ, ಒಳ್ಳೆಯವಳು. ಮಂಗಳವಾರ ಅವನು ಎರಡು ಹೆಜ್ಜೆಗೇ ಕೂತುಬಿಟ್ಟ. “ಆಂಟಿ, ಇವತ್ತು ಇವ್ನು ಎಫರ್ಟೇ ಹಾಕ್ತಿಲ್ಲ” ಅಂದಳು. ಅವಳನ್ನು ಹೊರಗೆ ಕರೆದು ಹೇಳಿದೆ, “ಆ ಮಾತು ಈ ರೂಮಲ್ಲಿ ಬೇಡ ಕಣಮ್ಮ.” ಅವಳು ಕಣ್ಣೀರು ಹಾಕಿಕೊಂಡಳು.

ಅದೇ ಮಧ್ಯಾಹ್ನ ನಾನೊಬ್ಬಳೇ ಅವನನ್ನು ಹಿಡಿದು ನಿಲ್ಲಿಸಿದೆ. ಒಂದು ಹೆಜ್ಜೆ ಇಟ್ಟ. “ಇನ್ನೊಂದು ಕಣೋ, ಒಂದೇ ಒಂದು. ನೀನು ಮನಸ್ಸು ಮಾಡ್ತಿಲ್ಲ ಅಷ್ಟೇ” ಎಂದು ಗದರಿದೆ. ಅವನು ನನ್ನ ಮುಖ ನೋಡಿದ. ಇಡೀ ಮೈ ನಡುಗುತ್ತಿತ್ತು, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಅವನನ್ನು ಮಲಗಿಸಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಆಗ ನಿಮಗೆ ಬರೆಯಬೇಕು ಅನ್ನಿಸಿತು.

ಇನ್ನೊಂದು ವಿಷಯ. ಗುರುವಾರ ಎರಡರಿಂದ ನಾಲ್ಕು ಗಂಟೆಯವರೆಗೆ ನಾನು ಒಂದು ಬೇಸ್‌ಮೆಂಟು ಮನೆ ಬಾಡಿಗೆಗೆ ನೋಡಲು ಹೋಗಬೇಕು, ಡಿಸ್ಚಾರ್ಜ್ ಆದ ಮೇಲೆ ಅವನನ್ನು ಇರಿಸಿಕೊಳ್ಳಲು. ಮೆಟ್ಟಿಲು ಕಡಿಮೆ ಇದೆಯಂತೆ. ಒಬ್ಬನೇ ಇದ್ದರೆ ಹೆದರುತ್ತಾನೆ. ಕೇಳಲು ಇಲ್ಲಿ ನನಗೆ ಬೇರೆ ಯಾರೂ ಉಳಿದಿಲ್ಲ. ನೀವು ಬರಬಹುದು.

ಕಿಟಕಿಯ ಪಕ್ಕದಲ್ಲಿ ಕುರ್ಚಿ ಇದೆ, ಅಲ್ಲಿ ಕೂರಿ. ಅವನು ಮಾತಾಡಿದರೆ ಮಾತಾಡಿ. ಹಾಸಿಗೆಯ ಅಂಚಿಗೆ ಬಂದು ಏಳಲು ನೋಡಿದರೆ ನರ್ಸನ್ನು ಕರೆಯಿರಿ. ಎದ್ದು ನಿಂತರೆ ಚಪ್ಪಾಳೆ ತಟ್ಟಬೇಡಿ. ನಿಲ್ಲದಿದ್ದರೆ ಏನೂ ಅನ್ನಬೇಡಿ.

ಮೂರನೇ ಮಹಡಿ, ಲಿಫ್ಟಿನಿಂದ ಎಡಕ್ಕೆ ಕೊನೆಯ ಕೋಣೆ. ಬಾಗಿಲು ಮೆಲ್ಲಗೆ ತೆಗೆಯಿರಿ. ಸದ್ದಾದರೆ ಅವನು ಬೆಚ್ಚಿಬೀಳುತ್ತಾನೆ.

ರತ್ನಾ